ಮಾಥೇರಾನ್ ರೈಲನ್ನು ಗೋಡೆಯ ಶೆಲ್ಫಿಗೆ ಇಳಿಸುವುದು: ನ್ಯಾರೋ ಗೇಜ್ ಮಾದರಿಯ ಸ್ಕೇಲ್, ಹಳಿ, ಕಟ್ಟುವ ಕ್ರಮ

ಮುಂಬೈಯ ಒಂದು ಬಿಎಚ್‌ಕೆ ಫ್ಲ್ಯಾಟಿನಲ್ಲಿ ರೈಲು ಮಾದರಿ ಕಟ್ಟಲು ಹೊರಟವರಿಗೆ ಮೊದಲು ಅಡ್ಡ ಬರುವುದು ತಿರುವು. ಬ್ರಾಡ್ ಗೇಜಿನ ಮಾಮೂಲಿ ಐಸಿಎಫ್ ಬೋಗಿಯ ಉದ್ದ ಸುಮಾರು 21.3 ಮೀಟರ್. 1:87ಕ್ಕೆ ಇಳಿಸಿದರೂ ಅದು 24.5 ಸೆಂ.ಮೀ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟಾದರೂ ಇರಬೇಕು ಎಂಬುದು ಹಳಿ ಹಾಕುವವರ ರೂಢಿಯ ಲೆಕ್ಕ. ಆ ಪ್ರಕಾರ ರೈಲು ಒಂದು ಸುತ್ತು ಹೊಡೆಯಲು ಒಂದೂವರೆ ಮೀಟರ್ ಅಗಲದ ಮೇಜು ಬೇಕು. ಡೊಂಬಿವಿಲಿಯಲ್ಲೋ ಘಾಟ್‌ಕೋಪರಿನಲ್ಲೋ ಅಷ್ಟು ಜಾಗವನ್ನು ಬರೀ ರೈಲಿಗೆಂದು ಬಿಟ್ಟುಕೊಡುವುದು ಕಷ್ಟ. ಹೀಗಾಗಿ ಹೆಚ್ಚಿನವರು ತಿರುವನ್ನು ಬಿಗಿ ಮಾಡುತ್ತಾರೆ, ಬೋಗಿಯ ಮೂಲೆಗಳು ಹಳಿಯಾಚೆ ಚಾಚಿಕೊಂಡು ಓಡುವುದನ್ನು ಸಹಿಸಿಕೊಳ್ಳುತ್ತಾರೆ.

ನ್ಯಾರೋ ಗೇಜ್‌ಗೆ ಆ ರಾಜಿ ಬೇಡ. ನೇರಳ್‌ನಿಂದ ಮಾಥೇರಾನ್‌ಗೆ ಹತ್ತುವ 610 ಮಿ.ಮೀ. ಹಳಿ 1907ರಿಂದ ಬಿಗಿ ತಿರುವುಗಳಲ್ಲೇ, 1:20ರಷ್ಟು ಕಡಿದಾದ ಏರಿನಲ್ಲೇ ಸಾಗಿದೆ. ಜಾಗ ಸಾಲದೆ ಮಾದರಿಯಲ್ಲಿ ನಾವು ಮಾಡುವುದನ್ನು ಅಲ್ಲಿ ಬೆಟ್ಟಕ್ಕಾಗಿ ನಿಜವಾಗಿಯೇ ಮಾಡಿದ್ದಾರೆ. ಚಿಕ್ಕ ಮನೆಯಲ್ಲಿ ಸುಳ್ಳಾಡದೆ ಕಟ್ಟಬಹುದಾದ ರೈಲು ಇದೊಂದೇ ಎಂದು ನಮಗೆ ಅನಿಸುವುದು ಅದಕ್ಕೇ.

ಮೊದಲು ಗೇಜ್, ಆಮೇಲೆ ಸ್ಕೇಲ್

ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ ಗೇಜ್. ನಿಜವಾದದ್ದನ್ನು ಎಷ್ಟು ಪಟ್ಟು ಕಿರಿದು ಮಾಡಿದ್ದೇವೆ ಎಂಬುದು ಸ್ಕೇಲ್. ಅಂಗಡಿಯಲ್ಲಿ ಸಿಗುವ ಹಳಿಯ ಮುಖ್ಯ ಗೇಜ್‌ಗಳು ಬೆರಳೆಣಿಕೆಯವು: 6.5, 9, 16.5, 32 ಮತ್ತು 45 ಮಿ.ಮೀ. ಆದ್ದರಿಂದ ಯಾವ ಲೈನು ಕಟ್ಟಬೇಕೆಂದು ಮೊದಲು ತೀರ್ಮಾನಿಸಿ, ಅದರ ಗೇಜ್ ಈ ಐದರಲ್ಲಿ ಯಾವುದಕ್ಕೆ ಯಾವ ಸ್ಕೇಲಿನಲ್ಲಿ ಹೊಂದುತ್ತದೆ ಎಂದು ನೋಡಿ. ಸ್ಕೇಲನ್ನು ಮೊದಲೇ ಆರಿಸಿಕೊಂಡವರು ಆಮೇಲೆ ಹಳಿ ಸಿಗದೆ ಒದ್ದಾಡುತ್ತಾರೆ.

ನಮ್ಮ ಕಡೆಯ ಲೈನುಗಳು ಎರಡು ಬಗೆ. ಮಾಥೇರಾನ್ ಲೈನು ಮತ್ತು ಹಿಂದಿನ ತರೀಕೆರೆ–ನರಸಿಂಹರಾಜಪುರ ಲೈನು ಎರಡಡಿಯವು, ಅಂದರೆ 610 ಮಿ.ಮೀ. ಮೀರಜ್, ಪಂಢರಪುರ, ಕುರ್ಡುವಾಡಿ, ಲಾತೂರ್ ಮುಟ್ಟುತ್ತಿದ್ದ ಬಾರ್ಶಿ ಲೈಟ್ ರೈಲ್ವೆ ಮತ್ತು ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳೆಯ ಲೈನು ಎರಡೂವರೆ ಅಡಿಯವು, 762 ಮಿ.ಮೀ. ಫೋಟೋದಲ್ಲಿ ಎರಡೂ ಒಂದೇ ತರಹ ಕಾಣಬಹುದು. ಮಾದರಿಯಲ್ಲಿ ಮಾತ್ರ ದಾರಿ ಬೇರೆ ಬೇರೆ.

1:87ರಲ್ಲಿ 762 ಮಿ.ಮೀ. ಇಳಿದು 8.76 ಆಗುತ್ತದೆ. 9 ಮಿ.ಮೀ. ಹಳಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಕಾಲು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಬೀಳದು. ಬಾರ್ಶಿಯನ್ನೋ ಕೋಲಾರವನ್ನೋ ಕಟ್ಟುವವರಿಗೆ ಇದೇ ಸರಿ. ಯುರೋಪಿನಲ್ಲಿ ಇದನ್ನು ಎಚ್‌ಓಇ ಎನ್ನುತ್ತಾರೆ. ಇನ್ನೂ ದೊಡ್ಡದು ಬೇಕೆನ್ನುವವರಿಗೆ 1:48 ಇದೆ. ಅದರಲ್ಲಿ 762 ಎಂದರೆ 15.9, ಮಾಮೂಲಿ ಎಚ್‌ಓ (1:87) ಹಳಿಯ 16.5ಕ್ಕೆ ಹತ್ತಿರ. ಇದಕ್ಕೆ ಓಎನ್30 ಎಂದು ಹೆಸರು.

ಮಾಥೇರಾನ್‌ಗೆ ಬಂದರೆ ಸ್ವಲ್ಪ ತಕರಾರಿದೆ. 1:87ರಲ್ಲಿ 610 ಸರಿಯಾಗಿ 7 ಮಿ.ಮೀ. ಆಗುತ್ತದೆ. 9 ಮಿ.ಮೀ. ಹಳಿ ಹಾಕಿದರೆ ಮುಂದಿನಿಂದ ನೋಡಿದಾಗ ರೈಲು ಕಾಲಗಲಿಸಿ ನಿಂತಂತೆ ಕಾಣುತ್ತದೆ. 6.5ರ ಹಳಿ ಹೆಚ್ಚು ಹತ್ತಿರದ್ದಾದರೂ ಅದಕ್ಕೆ ತಕ್ಕ ಎಂಜಿನ್ ಚಾಸಿಸ್ (ಮೋಟಾರು, ಗಾಲಿಗಳಿರುವ ತಳಭಾಗ) ಸಿಗುವುದು ಕಡಿಮೆ, ಸಿಕ್ಕಿದ್ದು ಏರು ಹತ್ತಲು ತೀರಾ ಹಗುರ. ಬ್ರಿಟಿಷ್ ಅಳತೆಯ 1:76ರಲ್ಲಿ 610 ಇಳಿದು 8 ಮಿ.ಮೀ. ಆಗುತ್ತದೆ, 9ರ ಹಳಿ ಒಂದೇ ಒಂದು ಮಿಲಿಮೀಟರು ಅಗಲ. ಬದಿಯಿಂದ ನೋಡುವಾಗ ಗೊತ್ತಾಗುವುದೇ ಇಲ್ಲ. ಓಓ9 ಎನ್ನುವ ಈ ಜೋಡಿಯನ್ನೇ ನಾವು ಮಾಥೇರಾನ್‌ಗೂ ತರೀಕೆರೆಗೂ ಶಿಫಾರಸು ಮಾಡುತ್ತೇವೆ. 1:160ರ ಮಾದರಿಗಳು ಓಡುವ ಎನ್ ಗೇಜಿನ ಹಳಿಯೂ ಇದೇ 9 ಮಿ.ಮೀ. ಆಗಿರುವುದರಿಂದ ಜಪಾನಿನ ಕ್ಯಾಟೊದಂಥ ಕಂಪನಿಗಳ ಚಿಕ್ಕ ನಾಲ್ಕು ಗಾಲಿ ಚಾಸಿಸ್‌ಗಳು ನೇರವಾಗಿ ಬಳಕೆಗೆ ಬರುತ್ತವೆ. ಈ ಹವ್ಯಾಸದಲ್ಲಿ ಅರ್ಧ ಕಷ್ಟ ಎಂಜಿನ್ನಿನದ್ದೇ. ಅದು ಅಲ್ಲಿಗೆ ಕಳೆಯುತ್ತದೆ.

ಅಳತೆಯಲ್ಲಿ ರಾಜಿಯಾಗದವರಿಗೆ 1:43.5ರಲ್ಲಿ 14 ಮಿ.ಮೀ. ಗೇಜ್ ಇದೆ, 610ಕ್ಕೆ ಕರಾರುವಾಕ್ಕು. ಆದರೆ ಹಳಿ, ಪಾಯಿಂಟು (ಹಳಿ ಕವಲೊಡೆಯುವ ತುಂಡು), ಗಾಲಿ ಬಹುತೇಕ ಕೈಯಿಂದಲೇ ಆಗಬೇಕು. 32 ಮಿ.ಮೀ. ಹಳಿಯ ಮೇಲೆ 1:19 ಕೂಡ 610ಕ್ಕೆ ಸರಿಯಾಗಿ ಹೊಂದುತ್ತದೆ. ನಿಜವಾದ ಉಗಿಯಿಂದ ಓಡುವ ಪುಟ್ಟ ಎಂಜಿನ್‌ಗಳಿರುವುದು ಈ ಅಳತೆಯಲ್ಲಿ, ಆದರೆ ಅದಕ್ಕೆ ಅಂಗಳ ಬೇಕು. ಗೋವಾದಲ್ಲೋ ಪುಣೆಯ ಹೊರವಲಯದಲ್ಲೋ ಸ್ವಂತ ಮನೆಯಿದ್ದರೆ ಯೋಚಿಸಬಹುದು. 45 ಮಿ.ಮೀ. ಹಳಿಯ ಮೇಲೆ 1:22.5ರಲ್ಲಿ ಬರುವ ಜಿ ಸ್ಕೇಲ್ ಎಂಜಿನ್‌ಗಳು ಅಸಲಿಗೆ ಮೀಟರ್ ಗೇಜಿನ ಮಾದರಿಗಳು. ಎರಡಡಿ ಎಂದು ಯಾರಾದರೂ ಮಾರಿದರೆ ನಂಬಬೇಡಿ.

ಒಂದು ಮಾತು: ವಯಸ್ಸು ಐವತ್ತು ದಾಟಿ, ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವಂತಾಗಿದ್ದರೆ 1:48 ಅಥವಾ 1:43.5 ಆರಿಸಿಕೊಳ್ಳಿ. 1:76ರ ಬ್ರೇಕ್ ಚಕ್ರ ಅಕ್ಕಿಕಾಳಿಗಿಂತ ದೊಡ್ಡದಿರುವುದಿಲ್ಲ. ಅಳತೆಗಳು ಕಾಗದದಲ್ಲಿ ಅರ್ಥವಾಗುವುದಿಲ್ಲ ಎನ್ನುವವರು ಪುಣೆಯ ಕೋಥರೂಡಿನಲ್ಲಿ 1998ರಿಂದ ಇರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಹೋಗಿ 1:87ರ ರೈಲು ಓಡುವುದನ್ನು ಒಮ್ಮೆ ನೋಡಿ ಬನ್ನಿ. ಅದಕ್ಕಿಂತ ದೊಡ್ಡದು ಬೇಕೇ, ಅಷ್ಟೇ ಸಾಕೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಯಾವ ಜಾಗ ಕಟ್ಟುವುದು

ಸುಮಾರು 20 ಕಿ.ಮೀ. ಲೈನನ್ನು 1:76ಕ್ಕೆ ಇಳಿಸಿದರೂ 260 ಮೀಟರ್ ಆಗುತ್ತದೆ. ಇಡೀ ಲೈನು ಯಾರಿಂದಲೂ ಆಗದ ಕೆಲಸ, ಒಂದು ಜಾಗವನ್ನು ಆರಿಸಲೇಬೇಕು. ನೇರಳ್, ಜುಮ್ಮಾಪಟ್ಟಿ, ವಾಟರ್ ಪೈಪ್, ಅಮನ್ ಲಾಡ್ಜ್, ಮಾಥೇರಾನ್ ಎಂಬ ಐದು ನಿಲ್ದಾಣಗಳಲ್ಲಿ ಹೊಸಬರು ಮೊದಲು ಕೈಹಾಕುವುದು ನೇರಳ್‌ಗೆ, ಬ್ರಾಡ್ ಗೇಜೂ ಪಕ್ಕದಲ್ಲಿದೆಯಲ್ಲ ಎಂದು. ಅಲ್ಲೇ ಸಿಕ್ಕಿಬೀಳುವುದು. ಭಾರತದ ಬ್ರಾಡ್ ಗೇಜ್ 1676 ಮಿ.ಮೀ., 1:76ರಲ್ಲಿ ಅದು 22 ಮಿ.ಮೀ. ಆಗಬೇಕು. ಅಂಗಡಿಯ 16.5 ಮಿ.ಮೀ. ಹಳಿ ಹಾಕಿದರೆ ಎರಡು ಗೇಜ್‌ಗಳ ನಡುವೆ ಕಾಣಬೇಕಾದ ಅಂತರವೇ ಹೋಗಿ, ದೃಶ್ಯದ ಜೀವ ಹೋಗುತ್ತದೆ. ನೇರಳ್ ಬೇಕೇ ಬೇಕೆಂದರೆ ಬ್ರಾಡ್ ಗೇಜ್ ಓಡಿಸುವ ಆಸೆ ಬಿಡಿ. ಬರೀ ಹಳಿಯ ಕಂಬಿಗಳನ್ನು ಕೊಂಡು, 22 ಮಿ.ಮೀ. ಅಂತರದಲ್ಲಿ ಸ್ಲೀಪರ್‌ಗಳ (ಹಳಿಯಡಿಯ ಅಡ್ಡಪಟ್ಟಿಗಳ) ಮೇಲೆ ಅಂಟಿಸಿ, ಒಂದು ಗೂಡ್ಸ್ ವ್ಯಾಗನ್ನನ್ನು ಅಲುಗದಂತೆ ನಿಲ್ಲಿಸಿ.

ಮೊದಲ ಮಾದರಿಗೆ ಮೇಲಿನ ತುದಿಯೇ ಒಳ್ಳೆಯದು. ಮಳೆಗಾಲದಲ್ಲಿ ಕೆಳಗಿನ ಲೈನು ನಿಂತಾಗಲೂ ಅಮನ್ ಲಾಡ್ಜ್–ಮಾಥೇರಾನ್ ನಡುವೆ ಶಟಲ್ ಓಡುತ್ತದೆ. ಒಂದು ತುದಿಯಲ್ಲಿ ನಿಲ್ದಾಣ, ಇನ್ನೊಂದು ತುದಿ ಮರಗಳ ಮರೆ. ಇದಕ್ಕಿಂತ ಸರಳ ಯೋಜನೆ ಇಲ್ಲ.

150 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಶೆಲ್ಫ್ ಸಾಕು. ಲೆಕ್ಕ ಹೀಗೆ ಹಾಕಿ. ಎಂಜಿನ್ 70 ಮಿ.ಮೀ., ಬೋಗಿ 90 ಮಿ.ಮೀ., ಮೂರು ಬೋಗಿಯ ರೈಲು ಎಂದಿಟ್ಟುಕೊಂಡರೆ ಕಪ್ಲಿಂಗ್ ಸೇರಿ ಬೋಗಿಗಳ ಉದ್ದ ಸುಮಾರು 29 ಸೆಂ.ಮೀ. ನಿಲ್ದಾಣದ ಕೊನೆಯಲ್ಲಿ ಎಂಜಿನ್ ಕಳಚಿಕೊಂಡು ಮುಂದೆ ಹೋಗಿ, ಪಕ್ಕದ ಹಳಿ ಹಿಡಿದು, ರೈಲಿನ ಇನ್ನೊಂದು ತುದಿಗೆ ಬರಬೇಕು. ಅದಕ್ಕೆ ಕೊನೆಯಲ್ಲಿ 9 ಸೆಂ.ಮೀ. ತುಂಡು ಹಳಿ, ಎರಡು ಪಾಯಿಂಟುಗಳಿಗೆ ತಲಾ ಸುಮಾರು 13, ನಡುವೆ ಬೋಗಿಗಳು ನಿಲ್ಲಲು 30, ಪಾಯಿಂಟಿನ ಬಳಿ ಒಂದಕ್ಕೊಂದು ತಾಗದಿರಲು ಎರಡೂ ಕಡೆ 5: ಒಟ್ಟು 75 ಸೆಂ.ಮೀ. ಮರೆಯಲ್ಲಿ ರೈಲು ಪೂರ್ತಿ ನಿಲ್ಲುವ ತಿರುಗು ಹಲಗೆಗೆ 38. ಉಳಿದ 37 ಸೆಂ.ಮೀ. ಬೆಟ್ಟದ ತಿರುವಿಗೆ. ಪಾಯಿಂಟ್ ಕೊಳ್ಳುವ ಮುಂಚೆ ಪೆಕೊ ಕಂಪನಿ ಕೊಡುವ ಪೂರ್ಣ ಅಳತೆಯ ನಕ್ಷೆಗಳನ್ನು ಪ್ರಿಂಟ್ ತೆಗೆದು ಹಲಗೆಯ ಮೇಲೆ ಹಾಸಿ ನೋಡಿ. ಪ್ರಿಂಟರಿನಲ್ಲಿ 'ಕಾಗದಕ್ಕೆ ಹೊಂದಿಸು' ಎಂಬ ಆಯ್ಕೆ ತೆಗೆದಿರಬೇಕು, ಇಲ್ಲವಾದರೆ ನಕ್ಷೆ ಕುಗ್ಗಿ ಬಂದು ಇಡೀ ಲೆಕ್ಕ ತಪ್ಪುತ್ತದೆ.

ತಿರುವಿನ ತ್ರಿಜ್ಯ 229 ಮಿ.ಮೀ. ಇದ್ದರೂ ನಾಲ್ಕು ಗಾಲಿಯ ಎಂಜಿನ್ ಓಡುತ್ತದೆ. ಆದರೆ 90 ಮಿ.ಮೀ. ಬೋಗಿಗೆ ಮೂರು ಪಟ್ಟಿನ ಲೆಕ್ಕದಲ್ಲಿ 270 ಬೇಕು, ಆದ್ದರಿಂದ 300 ಇಡಿ. ನಿಲ್ದಾಣವನ್ನು ಕಡ್ಡಾಯವಾಗಿ ಸಮತಟ್ಟಾಗಿಡಿ. ಇಂದಿನ ನಯವಾದ ಗಾಲಿಗಳ ಬೋಗಿ 1:100ರ ಇಳಿಜಾರಿದ್ದರೂ ತಾನಾಗಿ ಉರುಳುತ್ತದೆ. ತಿರುವಿನಲ್ಲಿ 1:30ರ ಇಳಿತ ಕೊಟ್ಟರೆ 37 ಸೆಂ.ಮೀ.ಗೆ 12 ಮಿ.ಮೀ. ತಗ್ಗುತ್ತದೆ. ಕೇಳಲು ಅತ್ಯಲ್ಪ. ಆದರೆ ಹಳಿ ಹಲಗೆಯ ಅಂಚಿಗೆ ಓರೆಯಾಗಿ, ಕಣ್ಣಿನ ಮಟ್ಟದಲ್ಲಿದ್ದರೆ ಬೆಟ್ಟ ಇಳಿಯುವಂತೆಯೇ ಕಾಣುತ್ತದೆ. ಶೆಲ್ಫನ್ನು ನೆಲದಿಂದ 120–130 ಸೆಂ.ಮೀ. ಎತ್ತರದಲ್ಲಿ ಜೋಡಿಸಲು ಹೇಳುವುದು ಇದಕ್ಕೇ.

ಹಲಗೆ

12 ಮಿ.ಮೀ. ಬಿಡಬ್ಲ್ಯುಪಿ (ನೀರು ತಡೆಯುವ) ದರ್ಜೆಯ ಪ್ಲೈವುಡ್, ಅಡಿಯಲ್ಲಿ 50 ಮಿ.ಮೀ. ಅಗಲದ ಪಟ್ಟಿಗಳ ಚೌಕಟ್ಟು, ಪ್ರತಿ 40 ಸೆಂ.ಮೀ.ಗೊಂದು ಅಡ್ಡಪಟ್ಟಿ. ಮೇಲೆ 25 ಮಿ.ಮೀ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಾಳೆ ಅಂಟಿಸಿದರೆ ಹಳಿಗಿಂತ ಕೆಳಗೂ ಕಣಿವೆ ಕೊರೆಯಬಹುದು. ಘಟ್ಟದ ರೈಲಿಗೆ ಇದು ಮುಖ್ಯ, ಹಳಿಯ ಒಂದು ಬದಿ ಯಾವಾಗಲೂ ಕೆಳಗೆ ಬೀಳಬೇಕು. ಥರ್ಮೋಕೋಲ್ ಬಳಸಬೇಡಿ. ಅದು ಗುಂಡು ಗುಂಡಾಗಿ ಉದುರುತ್ತದೆ, ಆ ಗುಂಡುಗಳು ಎಂಜಿನ್ನಿನ ಗೇರಿಗೆ ಹೋಗಿ ಸೇರುತ್ತವೆ. ಫೋಮ್ ಅಂಟಿಸಲು ಸಾಲ್ವೆಂಟ್ ಇರುವ ರಬ್ಬರ್ ಗಮ್ ಕೂಡದು, ಫೋಮನ್ನೇ ಕರಗಿಸಿಬಿಡುತ್ತದೆ. ಫೆವಿಕಾಲ್ ಹಚ್ಚಿ ಮೇಲೆ ಪುಸ್ತಕ ಹೇರಿ ಒಂದು ದಿನ ಬಿಡಿ.

ಕರಾವಳಿಯ ಊರುಗಳಲ್ಲಿ ಹಲಗೆ ಹಾಳಾಗುವುದು ಭಾರದಿಂದಲ್ಲ, ತೇವದಿಂದ. ಕೊಯ್ದ ಪ್ಲೈವುಡ್ಡಿನ ಅಂಚೇ ನೀರು ಕುಡಿಯುವ ಬಾಯಿ. ಆರೂ ಮುಖಗಳಿಗೆ ಎರಡು ಸಲ ಪಿಯು (ಪಾಲಿಯುರೆಥೇನ್) ವಾರ್ನಿಷ್ ಬಳಿಯಬೇಕು, ಅಂಚಿಗೆ ಮೂರು ಸಲ. ಮೇಲ್ಭಾಗಕ್ಕೆ ಮಾತ್ರ ಬಳಿದು ಅಡಿಭಾಗ ಬಿಟ್ಟರೆ ಜುಲೈಯಲ್ಲಿ ಅಡಿ ಹಿಗ್ಗಿ ಹಲಗೆ ಬಾಗುತ್ತದೆ, ಬಾಗಿದ ಕಡೆ ಹಳಿ ಏಳುತ್ತದೆ.

ಹಳಿ

ಪೆಕೊ ಕಂಪನಿಯ 9 ಮಿ.ಮೀ. ನ್ಯಾರೋ ಗೇಜ್ ಫ್ಲೆಕ್ಸಿ ಹಳಿ, ಅಂದರೆ ಬೇಕಾದಂತೆ ಬಾಗಿಸಬಹುದಾದ ಹಳಿ, ಒಂದು ಗಜದ ಉದ್ದದಲ್ಲಿ ಬರುತ್ತದೆ. ಈ ಶೆಲ್ಫಿಗೆ ಮೂರು ಉದ್ದ, ಒಂದು ಎಡ ಪಾಯಿಂಟು, ಒಂದು ಬಲ ಪಾಯಿಂಟು ಸಾಕು. ಎನ್ ಗೇಜಿನ ಹಳಿ ಅಗ್ಗವಾಗಿ ಸಿಕ್ಕಿತೆಂದು ಕಣ್ಣಿಗೆ ಕಾಣುವ ಜಾಗದಲ್ಲಿ ಹಾಕಬೇಡಿ. ಗೇಜ್ ಒಂದೇ ಆದರೂ ಅದರ ಸ್ಲೀಪರ್‌ಗಳು 1:160ಕ್ಕೆ ಮಾಡಿದವು, ಗಿಡ್ಡವಾಗಿ ಒತ್ತೊತ್ತಾಗಿ ಕೂತಿರುತ್ತವೆ. ಮರೆಯ ಭಾಗಕ್ಕೆ ಮಾತ್ರ ಅದು ಅಡ್ಡಿಯಿಲ್ಲ.

ಫ್ಲೆಕ್ಸಿ ಹಳಿ ಬಾಗಿಸುವಾಗ ಒಳಗಿನ ಕಂಬಿ ಹೊರಗೆ ಚಾಚಿಕೊಳ್ಳುತ್ತದೆ. ಅದನ್ನು ಕಟಿಂಗ್ ಡಿಸ್ಕಿನಿಂದಲೋ ರೈಲ್ ಕಟರಿನಿಂದಲೋ ಕತ್ತರಿಸಿ, ತುದಿಯನ್ನು ಸಣ್ಣ ಅರದಿಂದ ಮೇಲಿನಿಂದಲೂ ಒಳಬದಿಯಿಂದಲೂ ನಯ ಮಾಡಿ. ಬೆರಳು ಸವರಿದಾಗ ಉಗುರು ಸಿಕ್ಕಿಕೊಂಡರೆ ಗಾಲಿಯೂ ಸಿಕ್ಕಿಕೊಳ್ಳುತ್ತದೆ. ಜೋಡಣೆ ತಿರುವಿನ ನಡುವೆ ಬಂದರೆ ಅಲ್ಲಿ ಮೂಲೆ ಏಳುವುದು ಖಂಡಿತ. ಅದಕ್ಕೆ ಎರಡು ಉದ್ದಗಳನ್ನು ನೇರವಾಗಿರುವಾಗಲೇ ಜೋಡಿಸಿ, ಬೆಸುಗೆ ಹಾಕಿ, ಆಮೇಲೆ ಬಾಗಿಸಿ. ನೇರ ಭಾಗದ ಜೋಡಣೆಗಳಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಡಿ. ಏರು ಶುರುವಾಗುವ ಮತ್ತು ಮುಗಿಯುವ ಕಡೆ 10 ಸೆಂ.ಮೀ. ಉದ್ದಕ್ಕೆ ನಿಧಾನವಾಗಿ ಮೇಲೆತ್ತಬೇಕು. ಒಮ್ಮೆಲೇ ಮುರಿದಂತೆ ಎತ್ತಿದರೆ ಕಪ್ಲಿಂಗ್‌ಗಳು ಒಂದರ ಮೇಲೊಂದು ಜಾರಿ ಬೋಗಿ ಕಳಚುತ್ತದೆ. ಪಾಯಿಂಟಿನ ಒಳಗೆ ಏರು ಶುರುವಾಗುವುದು ಬೇಡವೇ ಬೇಡ.

ತಿರುಗು ಹಲಗೆಗೆ 9 ಮಿ.ಮೀ. ಪ್ಲೈಯ ತುಂಡು, ಒಂದು ತುದಿಯಲ್ಲಿ ಬೋಲ್ಟು, ಇನ್ನೊಂದು ತುದಿ ಎರಡೋ ಮೂರೋ ಹಳಿಗಳತ್ತ ಹೊರಳುವಂತೆ. ಹಳಿ ಸರಿಯಾಗಿ ಎದುರುಬದುರು ನಿಲ್ಲಲು ಹಾರ್ಡ್‌ವೇರ್ ಅಂಗಡಿಯ ಎರಡು ಇಂಚಿನ ಹಿತ್ತಾಳೆ ಟವರ್ ಬೋಲ್ಟ್ ಹಾಕಿ. ಎರಡು ಬೋಲ್ಟ್ ಹಾಕಿ ಒಂದೊಂದಕ್ಕೆ ಒಂದೊಂದು ಹಳಿಯ ತಂತಿ ಬೆಸೆದರೆ, ಬೋಲ್ಟ್ ಸರಿಸಿದಾಗಲೇ ಕರೆಂಟು ಹರಿಯುತ್ತದೆ. ಹಲಗೆ ಸರಿಯಾಗಿ ಕೂರದೆ ಎಂಜಿನ್ ಹೊರಟು ಕೆಳಗೆ ಬೀಳುವ ಭಯವೇ ಇರುವುದಿಲ್ಲ. ಪೇಂಟ್ ಅಥವಾ ಲ್ಯಾಕರ್ ಬಳಿದ ಬೋಲ್ಟಾದರೆ ಮೊದಲು ಕೆರೆದು ಲೋಹ ಕಾಣಿಸಿ.

ಕರೆಂಟು

ಒಂದು ಎಂಜಿನ್ನಿಗೆ ಡಿಸಿಸಿ (ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಬೇಕಿಲ್ಲ, 12 ವೋಲ್ಟ್ ಡಿಸಿ ಕಂಟ್ರೋಲರ್ ಸಾಕು. ಈ ಅಳತೆಯ ಮೋಟಾರು ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. 1 ಆಂಪಿಯರಿನ ಅಡಾಪ್ಟರ್ ಹಾಕಿ, ಶಾರ್ಟ್ ಆದರೆ ತಾನಾಗಿ ಕಡಿಯುವ ರಕ್ಷಣೆ ಅದರಲ್ಲಿರಲಿ. ಕರೆಂಟನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಬಿಡುವ ಪಿಡಬ್ಲ್ಯುಎಂ ಕಂಟ್ರೋಲರ್ ನಿಧಾನಗತಿಗೆ ಒಳ್ಳೆಯದು. ಆದರೆ ನಿಮ್ಮ ಎಂಜಿನ್ನಿನಲ್ಲಿ ಕೋರ್‌ಲೆಸ್ (ಒಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರ್ ಇದ್ದರೆ ಕಡಿಮೆ ಆವರ್ತನದ ಪಿಡಬ್ಲ್ಯುಎಂ ಅದನ್ನು ಬಿಸಿ ಮಾಡಿ ಸುಡುತ್ತದೆ. ತಂತಿ, ಟಾಗಲ್ ಸ್ವಿಚ್, ಸೋಲ್ಡರ್ ಎಲ್ಲ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ, ಪುಣೆಯವರಿಗೆ ತಪಕೀರ್ ಗಲ್ಲಿ ಇದೆ.

ಹಳಿಯ ಪ್ರತಿ ತುಂಡಿಗೂ ಪ್ರತ್ಯೇಕ ತಂತಿ ಎಳೆಯಿರಿ. ಹಳಿಯ ತುಂಡುಗಳನ್ನು ಸೇರಿಸುವ ಲೋಹದ ಜಾಯಿನರ್‌ಗಳನ್ನು ನಂಬಿದರೆ ಮೊದಲ ವರ್ಷ ನಡೆಯುತ್ತದೆ, ಎರಡನೇ ಮಳೆಗಾಲಕ್ಕೆ ಒಳಗೆ ಕಿಲುಬು ಹಿಡಿದು ಎಂಜಿನ್ ಅಲ್ಲಲ್ಲೇ ನಿಲ್ಲುತ್ತದೆ. ಬೆಸುಗೆಗೆ 60/40ರ 0.8 ಮಿ.ಮೀ. ಸೋಲ್ಡರ್, 25ರಿಂದ 40 ವಾಟಿನ ಐರನ್, ರೋಸಿನ್ ಫ್ಲಕ್ಸ್. ಆಸಿಡ್ ಫ್ಲಕ್ಸ್ ಬೆಸುಗೆಯನ್ನು ಬೇಗ ಹಿಡಿಸುತ್ತದೆ ನಿಜ, ಆದರೆ ಉಳಿದ ಆಸಿಡ್ ನಮ್ಮ ಹವೆಯಲ್ಲಿ ಹಳಿಯನ್ನೂ ತಂತಿಯನ್ನೂ ತಿನ್ನುತ್ತದೆ. ಬೆಸೆಯುವ ಜಾಗದ ಎರಡೂ ಬದಿಗೆ ಒದ್ದೆ ಹತ್ತಿ ಇಟ್ಟು ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಪ್ಲಾಸ್ಟಿಕ್ ಸ್ಲೀಪರ್ ಕರಗಿ ಗೇಜ್ ಸಡಿಲವಾಗುತ್ತದೆ.

ಪಾಯಿಂಟ್ ಕೊಳ್ಳುವಾಗ ಫ್ರಾಗ್‌ಗೆ, ಅಂದರೆ ಹಳಿಗಳು ಒಂದನ್ನೊಂದು ದಾಟುವ ಮೂಗಿಗೆ ಕರೆಂಟು ಇರುವಂಥದ್ದನ್ನೇ ಕೊಳ್ಳಿ. ನಾಲ್ಕು ಗಾಲಿಯ ಗಿಡ್ಡ ಎಂಜಿನ್ ಪ್ಲಾಸ್ಟಿಕ್ ಫ್ರಾಗ್ ಮೇಲೆ ನಿಂತೇ ಬಿಡುತ್ತದೆ. ಆದರೆ ಈ ಪಾಯಿಂಟುಗಳಿಗೆ ಒಂದು ಷರತ್ತಿದೆ: ಫ್ರಾಗ್‌ನಿಂದ ಹೊರಡುವ ಎರಡೂ ಒಳ ಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ ಕರೆಂಟನ್ನು ಕಡಿಯಬೇಕು, ಅದರಾಚೆಯ ಹಳಿಗೆ ಬೇರೆ ತಂತಿ ಕೊಡಬೇಕು. ನಮ್ಮ ಯೋಜನೆಯಲ್ಲಿ ಎರಡು ಪಾಯಿಂಟುಗಳು ಎದುರುಬದುರಾಗಿ ಕೂತಿವೆ. ಕಡಿಯದೆ ಬಿಟ್ಟರೆ ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಹೊರಳಿಸಿದ ಕ್ಷಣ ಶಾರ್ಟ್. ಮೊದಲ ಸಲ ಓಡಿಸಿದ ದಿನವೇ 'ಕಂಟ್ರೋಲರ್ ಕೆಟ್ಟಿದೆ' ಎಂದು ಹೇಳುವವರಲ್ಲಿ ಹೆಚ್ಚಿನವರದು ಇದೇ ತೊಂದರೆ.

ಎಂಜಿನ್, ಬೋಗಿ, ತೂಕ

ಮಾಥೇರಾನ್‌ನ ಮೂಲ ಉಗಿ ಎಂಜಿನ್‌ಗಳು ಜರ್ಮನಿಯ ಓರೆನ್‌ಸ್ಟೀನ್ ಅಂಡ್ ಕೊಪೆಲ್ ಕಂಪನಿಯವು, ಆರು ಗಾಲಿಯವು. ಬಿಗಿ ತಿರುವಿಗೆಂದು ತುದಿಯ ಅಚ್ಚುಗಳು ಸ್ವಲ್ಪ ಆಚೀಚೆ ಹೊರಳುವ ಕ್ಲೀನ್–ಲಿಂಡ್ನರ್ ವ್ಯವಸ್ಥೆ ಅವಕ್ಕಿತ್ತು. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ಇವುಗಳ ಸಿದ್ಧ ಮಾದರಿಗೆ ಕಾಯುವ ಬದಲು ಎನ್ ಗೇಜ್ ಚಾಸಿಸ್ ಮೇಲೆ ಮೈ ಕಟ್ಟಿಕೊಳ್ಳುವುದೇ ಮೇಲು. ಬಾಡಿಯನ್ನು ರೆಸಿನ್ ಪ್ರಿಂಟರಿನಲ್ಲಿ ಮಾಡಿಸಿ, ಮುಂಬೈ–ಪುಣೆಯಲ್ಲಿ ಫೈಲ್ ಕೊಟ್ಟರೆ ಪ್ರಿಂಟ್ ಮಾಡಿಕೊಡುವವರಿದ್ದಾರೆ. ಗೋಡೆಯ ದಪ್ಪ 1.2 ಮಿ.ಮೀ.ಗಿಂತ ಕಡಿಮೆಯಾದರೆ ಬಾಡಿ ಕೆಲವೇ ತಿಂಗಳಲ್ಲಿ ಡೊಂಕಾಗುತ್ತದೆ. ಎಳೆ ಸುತ್ತುವ ಪಿಎಲ್‌ಎ ಪ್ರಿಂಟ್ 1:48ಕ್ಕೆ ನಡೆದೀತು, 1:76ಕ್ಕೆ ಗೆರೆಗಳು ಎದ್ದು ಕಾಣುತ್ತವೆ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ನಕ್ಷೆ ಸಿಗದ ಬೋಗಿಯ ಅಳತೆ ತೆಗೆಯಲು ಸುಲಭ ಉಪಾಯವಿದೆ. ಬೋಗಿಯ ತುದಿಗೆ ನೇರ ಎದುರಾಗಿ, ಕ್ಯಾಮೆರಾವನ್ನು ಬೋಗಿಯ ಅರ್ಧ ಎತ್ತರಕ್ಕೆ ಹಿಡಿದು, ಸಾಧ್ಯವಾದಷ್ಟು ದೂರದಿಂದ ಜೂಮ್ ಮಾಡಿ ಫೋಟೋ ತೆಗೆಯಿರಿ. ಆ ಬೋಗಿಯ ಗಾಲಿಗಳ ಕೆಳಗೇ ಕಾಣುವ ಹಳಿಯ ಅಂತರ 610 ಮಿ.ಮೀ. ಎಂದು ಗೊತ್ತೇ ಇದೆ, ಉಳಿದದ್ದನ್ನು ಅದರಿಂದ ಅಳೆಯಬಹುದು. ಹತ್ತಿರದಿಂದ ತೆಗೆದರೆ ಅಂಚುಗಳು ಹಿಗ್ಗಿ ಅಗಲ ತಪ್ಪು ಬರುತ್ತದೆ.

ಏರು ಹತ್ತುತ್ತದೆಯೇ ಇಲ್ಲವೇ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದು. ನಿಕಲ್ ಸಿಲ್ವರ್ ಹಳಿಯ ಮೇಲೆ ಲೋಹದ ಗಾಲಿಯ ಎಂಜಿನ್ ತನ್ನ ತೂಕದ ಸುಮಾರು ಐದನೇ ಒಂದು ಪಾಲು ಎಳೆಯುತ್ತದೆ. 50 ಗ್ರಾಂ ಎಂಜಿನ್ನಿಗೆ 10 ಗ್ರಾಂ ಸೆಳೆತ. 1:25ರ ಏರಿನಲ್ಲಿ ತನ್ನನ್ನು ತಾನು ಎತ್ತಿಕೊಳ್ಳಲು 2 ಗ್ರಾಂ ಹೋಗಿ 8 ಉಳಿಯುತ್ತದೆ. 22 ಗ್ರಾಂ ಬೋಗಿ ಏರಿಗೆ 0.9, ಗಾಲಿಯ ತಿಕ್ಕಾಟಕ್ಕೆ ಅರ್ಧ, ಒಟ್ಟು 1.4 ಗ್ರಾಂ ಬೇಡುತ್ತದೆ. ಅಂದರೆ ನೇರ ಏರಿನಲ್ಲಿ ಐದು ಬೋಗಿ. ಬಿಗಿ ತಿರುವು ಸೇರಿದರೆ ಮೂರು ಎಂದೇ ಇಟ್ಟುಕೊಳ್ಳಿ. ಎಂಜಿನ್ 25 ಗ್ರಾಂ ಮಾತ್ರ ತೂಗಿದರೆ ಅದೇ ತಿರುವಿನಲ್ಲಿ ಒಂದೂವರೆ ಬೋಗಿಯ ಶಕ್ತಿ. ಆದ್ದರಿಂದ ಬಾಯ್ಲರ್, ಟ್ಯಾಂಕು, ಎಲ್ಲೆಲ್ಲಿ ಟೊಳ್ಳಿದೆಯೋ ಅಲ್ಲೆಲ್ಲ ಭಾರ ತುಂಬಿ. ಸೀಸದ ಗುಂಡು ತುಂಬುವವರು ಅದನ್ನು ಫೆವಿಕಾಲಿನಲ್ಲಿ ಅಂಟಿಸಬಾರದು. ಸೀಸ ಮತ್ತು ಬಿಳಿ ಅಂಟು ಒಂದಕ್ಕೊಂದು ವರ್ತಿಸಿ ನಿಧಾನವಾಗಿ ಉಬ್ಬುತ್ತವೆ, ಕೆಲವು ವರ್ಷಗಳಲ್ಲಿ ಬಾಡಿ ಒಳಗಿನಿಂದಲೇ ಸೀಳಿಕೊಳ್ಳುತ್ತದೆ. ಆರಾಲ್ಡೈಟ್ ಬಳಸಿ.

ಒಂದೇ ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ 7.4 ಮಿ.ಮೀ. ಇರಬೇಕು, ವರ್ನಿಯರಿನಿಂದ ಒಂದೊಂದನ್ನೂ ಅಳೆಯಿರಿ. ಒಂದೇ ಬೋಗಿ ಪ್ರತಿ ಪಾಯಿಂಟಿನಲ್ಲೂ ಬಿದ್ದರೆ ತಪ್ಪು ಈ ಅಂತರದಲ್ಲಿದೆ. ಒಂದೇ ಜಾಗದಲ್ಲಿ ಎಲ್ಲ ಬೋಗಿಗಳೂ ಬಿದ್ದರೆ ತಪ್ಪು ಹಳಿಯಲ್ಲಿದೆ. ತಳ್ಳುವಾಗ ಮಾತ್ರ ಬಿದ್ದರೆ ಕಪ್ಲಿಂಗಿನ ಎತ್ತರ ನೋಡಿ, ಎಲ್ಲವೂ ಒಂದೇ ಮಟ್ಟದಲ್ಲಿದೆಯೇ ಎಂದು ದಪ್ಪ ಕಾರ್ಡಿನ ಅಳತೆಪಟ್ಟಿ ಮಾಡಿಟ್ಟುಕೊಂಡು ತಾಳೆ ನೋಡಬಹುದು.

ಮಣ್ಣು, ಬಂಡೆ

ನೇರಳ್ ಬದಿಯಲ್ಲಿ ಬೆಟ್ಟ ಕಪ್ಪುಬೂದಿ ಬಣ್ಣದ ಬಸಾಲ್ಟು. ಮಾಥೇರಾನ್ ತಲುಪಿದಾಗ ಕೆಂಪು ಮುರಕಲ್ಲಿನ ಮಣ್ಣು. ಕೆಳಗಿನ ನಿಲ್ದಾಣಕ್ಕೆ ಕೆಂಪು ಬಳಿದರೂ, ಮೇಲಿನದಕ್ಕೆ ಬರೀ ಬೂದಿ ಬಳಿದರೂ ಸಹ್ಯಾದ್ರಿ ಕಂಡವರ ಕಣ್ಣಿಗೆ ಕೂಡಲೇ ಚುಚ್ಚುತ್ತದೆ. ಬಂಡೆ ಕೊರೆಯುವಾಗ ಪದರಗಳು ಅಡ್ಡಡ್ಡ ಮೆಟ್ಟಿಲಿನಂತೆ ಬರಬೇಕು. ಲಾವಾ ಹರಿದು ಹರಿದು ಒಂದರ ಮೇಲೊಂದು ಹಾಸಿಕೊಂಡ ಬೆಟ್ಟವಿದು. ವಿದೇಶಿ ಚಿತ್ರ ನೋಡಿ ಓರೆ ಪದರ ಕೊರೆದರೆ ಅದು ಬೇರೆ ಯಾವುದೋ ದೇಶವಾಗುತ್ತದೆ. ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು, ಫೋಮಿನ ಮೇಲೆ 3–4 ಮಿ.ಮೀ. ದಪ್ಪ ಬಳಿದು, ಗಟ್ಟಿಯಾಗುವ ಹೊತ್ತಿಗೆ ಹಳೆಯ ಚಾಕುವಿನಿಂದ ಅಡ್ಡ ಗೆರೆ ಎಳೆಯಿರಿ. ಒಣಗಿದ ಮೇಲೆ ಒಂದು ಪಾಲು ಕಪ್ಪುಕಂದು ಅಕ್ರಿಲಿಕ್‌ಗೆ ಹದಿನೈದು ಪಾಲು ನೀರು ಸೇರಿಸಿ ಸುರಿದರೆ ಸಂದುಗಳಲ್ಲಿ ಬಣ್ಣ ತಾನಾಗಿ ಇಳಿಯುತ್ತದೆ.

ಕೆಂಪು ಮಣ್ಣಿಗೆ ನಿಜವಾದ ಮಣ್ಣನ್ನು ಮೀರಿಸಿದ್ದಿಲ್ಲ. ಮಾಥೇರಾನ್‌ನಿಂದ ತರಬೇಡಿ, 2003ರಿಂದ ಅದು ಪರಿಸರ ಸೂಕ್ಷ್ಮ ವಲಯ. ಊರಿಗೆ, ಉಡುಪಿಗೋ ಮಂಗಳೂರಿಗೋ ಹೋದಾಗ ಮುರಕಲ್ಲು ಕೊಯ್ಯುವ ಕಡೆ ಬಿದ್ದಿರುವ ಪುಡಿ ಒಂದು ಹಿಡಿ ಸಾಕು. ಗೋವಾದವರಿಗಂತೂ ಮನೆಯ ಬಾಗಿಲಲ್ಲೇ ಇದೆ. ಒಲೆಯಲ್ಲಿ 110–120 ಡಿಗ್ರಿಯಲ್ಲಿ ಅರ್ಧ ಗಂಟೆ ಹುರಿಯಿರಿ, ಹುಳದ ಮೊಟ್ಟೆಯೂ ಬೂಷ್ಟೂ ಸಾಯುತ್ತವೆ. ಆಮೇಲೆ ಟೀ ಜರಡಿಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಒಮ್ಮೆ ಸೋಸಿ. ಬಟ್ಟೆಯ ಮೇಲೆ ಉಳಿದದ್ದು ಹಳಿಯ ನಡುವಿಗೆ, ಕೆಳಗೆ ಬಿದ್ದ ಹುಡಿ ದಾರಿಗಳಿಗೆ.

ಇಲ್ಲಿ ತಪ್ಪಿಸಬಾರದ ಒಂದು ಹಂತವಿದೆ. ಪಾಲಿಥಿನ್ ಚೀಲದಲ್ಲಿ ಸುತ್ತಿದ ಬಲವಾದ ಅಯಸ್ಕಾಂತವನ್ನು ಪುಡಿಯ ಮೇಲೆ ನಾಲ್ಕೈದು ಸಲ ಆಡಿಸಿ, ಅಂಟಿಕೊಂಡದ್ದನ್ನು ಎಸೆಯಿರಿ. ಸಹ್ಯಾದ್ರಿಯ ಕಪ್ಪು ಕಲ್ಲಿನ ಪುಡಿಯಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಮುರಕಲ್ಲಿನ ಮಣ್ಣಿನಲ್ಲೂ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ. ಎಂಜಿನ್ನಿನ ಮೋಟಾರು ಸ್ವತಃ ಅಯಸ್ಕಾಂತ. ಹಳಿಯ ನಡುವಿನ ಕಣಗಳನ್ನು ಎಳೆದುಕೊಂಡು ಗೇರು ಕಚ್ಚಿಕೊಳ್ಳುತ್ತದೆ.

ಪುಡಿಯನ್ನು ಒಣಗಿದ ಕುಂಚದಿಂದ ಸ್ಲೀಪರ್‌ಗಳ ನಡುವೆ, ಅವುಗಳ ಮೇಲ್ಮೈಗಿಂತ ತುಸು ತಗ್ಗಾಗಿ ಹರಡಿ. ಪಾಯಿಂಟಿನ ಅಲುಗಾಡುವ ಭಾಗದ ಹತ್ತಿರ ಹಾಕಬೇಡಿ. ಮೊದಲು ಐಸೋಪ್ರೊಪೈಲ್ ಸಿಂಪಡಿಸಿ ಒದ್ದೆ ಮಾಡಿ, ಆಮೇಲೆ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಡ್ರಾಪರಿನಿಂದ ಬಿಡಿ. ಒದ್ದೆ ಮಾಡದೆ ನೇರ ಅಂಟು ಬಿಟ್ಟರೆ ಅದು ಗುಳ್ಳೆಯಾಗಿ ನಿಂತು ಪುಡಿಯನ್ನೆಲ್ಲ ಮುದ್ದೆ ಮಾಡುತ್ತದೆ. ಒಣ ಹುಲ್ಲಿಗೆ ತೆಂಗಿನ ನಾರನ್ನು 4–5 ಮಿ.ಮೀ. ಕತ್ತರಿಸಿ ನೆಡಬಹುದು. ನಿಲ್ದಾಣದ ಕಟ್ಟಡಕ್ಕೆ 3 ಮಿ.ಮೀ. ಸನ್‌ಬೋರ್ಡ್ ಸಾಕು.

ಮಳೆಗಾಲ

ಅಂಟು ಮತ್ತು ಪ್ಲಾಸ್ಟರಿನ ಕೆಲಸವನ್ನೆಲ್ಲ ಅಕ್ಟೋಬರಿನಿಂದ ಮೇ ಒಳಗೆ ಮುಗಿಸಿ. ಜುಲೈಯಲ್ಲಿ ಹಾಕಿದ ಅಂಟು ಮೂರು ದಿನವಾದರೂ ಆರುವುದಿಲ್ಲ, ಆರುವ ಮುಂಚೆ ಬೂಷ್ಟು ಬರುತ್ತದೆ. ಮಳೆಯ ತಿಂಗಳುಗಳು ಬೋಗಿ ಕಟ್ಟಲು, ತಂತಿ ಎಳೆಯಲು ಇರಲಿ.

ಮಾದರಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಬೇಡಿ, ಒಳಗೆ ತೇವ ನಿಲ್ಲುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಧೂಳನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಎಂಜಿನ್‌ಗಳನ್ನು ಮಾತ್ರ ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿಡಿ, ಜೆಲ್‌ನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ವಾರಕ್ಕೆರಡು ಸಲ ಹತ್ತು ನಿಮಿಷ ರೈಲು ಓಡಿಸಿದರೆ ಹಳಿ ತಾನೇ ಶುಚಿಯಾಗಿರುತ್ತದೆ. ಕಪ್ಪಾದರೆ ಹತ್ತಿ ಬಟ್ಟೆಗೆ 99 ಪ್ರತಿಶತದ ಐಸೋಪ್ರೊಪೈಲ್ ಹಾಕಿ ಒರೆಸಿ. ಸ್ಯಾಂಡ್‌ಪೇಪರ್ ಉಜ್ಜಿದ ದಿನ ಹಳಿ ಹೊಳೆಯುತ್ತದೆ, ಆದರೆ ಅದರ ಗೀರುಗಳಲ್ಲಿ ಕೊಳೆ ಕೂತು ಮುಂದಿನ ವಾರದಿಂದ ಇಮ್ಮಡಿ ಬೇಗ ಕಪ್ಪಾಗುತ್ತದೆ. ರಬ್ಬರ್ ಟೈರ್ ಬಿಟ್ಟು ಎಂಜಿನ್ನಿನ ಗಾಲಿಗಳಿಗೆ ಅಂಟುವ ಕಪ್ಪು ಮೇಣವನ್ನು ಒದ್ದೆ ಬಟ್ಟೆಯನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಗಾಲಿಗಳನ್ನು ಹಳಿಯ ಮೇಲೂ ಅರ್ಧವನ್ನು ಬಟ್ಟೆಯ ಮೇಲೂ ಇಟ್ಟು ಓಡಿಸಿ ತೆಗೆಯಬಹುದು, ಆಮೇಲೆ ಎಂಜಿನ್ ತಿರುಗಿಸಿ ಇನ್ನರ್ಧಕ್ಕೂ ಹೀಗೆಯೇ. ಸಿಂಪಡಿಸುವ ತುಕ್ಕುನಿವಾರಕ ಎಣ್ಣೆಯನ್ನು ಹಳಿಗೆ ಹಚ್ಚಬೇಡಿ. ಒಂದು ಹನಿ ಹೆಚ್ಚಾದರೂ 1:30ರ ಏರಿನಲ್ಲಿ ಗಾಲಿ ಸುಮ್ಮನೆ ಜಾರುತ್ತದೆ, ಎಣ್ಣೆ ಕುಡಿದ ಮಣ್ಣನ್ನು ಕೆರೆದು ಹೊಸದಾಗಿ ಹಾಕುವ ತನಕ ಅದು ಪೂರ್ತಿ ಹೋಗುವುದಿಲ್ಲ.